ಹುಡುಗಿಯರಿಗೆ ಊಟ ಕಲಿಸಿದ ವರ್ಷಗಳು

ಪಾಠ ಹೇಳುವಷ್ಟು ಓದಿದವಳಲ್ಲ ನಾನು. ಪಿಯುಸಿ ಪರೀಕ್ಷೆಗೆ ಒಂದು ತಿಂಗಳಿರುವಾಗ ಮದುವೆಯಾಗಿ ಹೊರಮಾವಿನಿಂದ ಹೊಸ ತಿಪ್ಪಸಂದ್ರಕ್ಕೆ ಬಂದವಳು. ಆದರೂ ತೊಂಬತ್ತರ ದಶಕದ ಕೊನೆಯಲ್ಲಿ ಶುರುಮಾಡಿ ಆರೇಳು ವರ್ಷ, ಪ್ರತಿ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ, ಬೆನ್ಸನ್ ಟೌನಿನ ಒಂದು ಹಾಸ್ಟೆಲಿನಲ್ಲಿ ಎಂ.ಎ., ಎಂ.ಎಸ್ಸಿ. ಓದುವ ಹುಡುಗಿಯರಿಗೆ ಬೆಳಿಗ್ಗೆ ತಿಂಡಿ ತಿನ್ನುವುದು, ಹೊತ್ತಿಗೆ ಮಲಗುವುದು, ದಿನಕ್ಕೆ ಅರ್ಧ ಗಂಟೆ ನಡೆಯುವುದು ಹೇಗೆ ಅಂತ ಕಲಿಸಿದೆ. ಕೇಳಿದವರು ನಗುತ್ತಾರೆ. ನನಗೂ ನಗು ಬರುತ್ತದೆ. ನಗು ಮುಗಿದ ಮೇಲೆ ಆ ಹುಡುಗಿಯರಲ್ಲಿ ಒಬ್ಬಳ ನೆನಪಾಗುತ್ತದೆ. ಇದನ್ನು ಬರೆಯಲು ಕೂತಿರುವುದು ಅವಳಿಗೋಸ್ಕರ.

ಇದು ಶುರುವಾದದ್ದು ಶಿವಾಜಿನಗರದ ಮಾರುಕಟ್ಟೆಯಲ್ಲಿ. ಶುಕ್ರವಾರದ ಪೂಜೆಗೆ ಹೂವು ತರಲು ಗುರುವಾರ ಬೆಳಿಗ್ಗೆ ಅಲ್ಲಿಗೆ ಹೋಗುತ್ತಿದ್ದೆ. ಅದೇ ಹೊತ್ತಿಗೆ ಒಬ್ಬರು ವಯಸ್ಸಾದ ಹೆಂಗಸು, ಕುತ್ತಿಗೆಯಲ್ಲಿ ಸಣ್ಣ ಶಿಲುಬೆ, ಕೈಯಲ್ಲಿ ಗೋಣಿಚೀಲ, ಬರೀ ಆಲೂಗಡ್ಡೆ, ಈರುಳ್ಳಿ ತೂಗಿಸಿಕೊಳ್ಳುತ್ತಿದ್ದರು. ನಾಲ್ಕು ವಾರ ನೋಡಿದೆ. ಐದನೇ ವಾರ ಬಾಯಿ ತಡೆಯಲಿಲ್ಲ.

"ಅಷ್ಟು ಆಲೂಗಡ್ಡೆ ಯಾರಿಗ್ರೀ? ಪಕ್ಕದಲ್ಲೇ ಅಷ್ಟು ಚೆನ್ನಾಗಿರೋ ದಂಟಿನ ಸೊಪ್ಪಿದೆ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಲವತ್ತು ಹುಡ್ಗೀರ ಹಾಸ್ಟೆಲ್ ಮಾ. ನಾನು ವಾರ್ಡನ್. ಸೊಪ್ಪು ಮಾಡಿದ್ರೆ ಬಕೆಟ್‌ಗೆ ಹೋಗುತ್ತೆ. ನೀವು ಬಂದು ತಿನ್ಸಿ, ನೋಡೋಣ," ಅಂದರು.

ಮಾತಿಗೆ ಅಂದರು ಅಂದುಕೊಂಡೆ. ಮುಂದಿನ ಗುರುವಾರ ಅವರೇ ನನ್ನನ್ನು ಹುಡುಕಿಕೊಂಡು ಹೂವಿನ ಸಾಲಿಗೆ ಬಂದರು. ವಿದ್ಯಾರ್ಥಿನಿಯರಿಗೆ ಆರೋಗ್ಯಕರ ಜೀವನಕ್ರಮ ಹೇಳಿಕೊಡಬೇಕು ಅಂತ ಯೂನಿವರ್ಸಿಟಿಯಿಂದ ಕಾಗದ ಬಂದಿತ್ತಂತೆ. ಒಬ್ಬ ಡಾಕ್ಟರನ್ನು ಕರೆಸಿದರೆ ಅವರು ಪರದೆಯ ಮೇಲೆ ಹೃದಯದ ಚಿತ್ರ ತೋರಿಸಿ, ಹುಡುಗಿಯರು ಆಕಳಿಸಿ, ಅಲ್ಲಿಗೆ ಮುಗಿದಿತ್ತು. "ನೀವು ಜಗಳ ಆಡೋ ಥರ ಹೇಳ್ತೀರಲ್ಲ, ಅದು ಬೇಕು ನಮಗೆ," ಅಂದರು ವಾರ್ಡನ್ ಅಮ್ಮ.

ನಮ್ಮ ಮನೆಯವರು ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಕೇಳಿದ್ದಕ್ಕೆ, "ಹೋಗು. ನನಗೆ ಹೇಳೋದು ಒಂದಿನ ಆದ್ರೂ ಕಮ್ಮಿ ಆಗುತ್ತೆ," ಅಂದರು. ನಮಗೆ ಮಕ್ಕಳಾಗಲಿಲ್ಲ. ಇಬ್ಬರೇ ಇರುವ ಮನೆಯಲ್ಲಿ ಹೇಳುವುದೆಲ್ಲ ಒಬ್ಬರ ತಲೆ ಮೇಲೇ ಬೀಳುತ್ತದೆ ಅನ್ನುವುದು ನಿಜ.

ಮೊದಲ ಶನಿವಾರ ಹೋದಾಗ ಹಾಸ್ಟೆಲಿನ ಊಟದ ಕೋಣೆಯಲ್ಲಿ ಇಪ್ಪತ್ತು ಜನ ಕೂತಿದ್ದರು. ನಾನು ನಿಂತು, "ಇವತ್ತು ಬೆಳಿಗ್ಗೆ ಯಾರ್ಯಾರು ತಿಂಡಿ ತಿಂದ್ರಿ?" ಅಂದೆ. ಮೂರು ಕೈ ಎದ್ದವು. ಅದರಲ್ಲಿ ಒಂದು, ತಿಂದದ್ದು ಬಿಸ್ಕತ್ತು ಅಂತ ಆಮೇಲೆ ಒಪ್ಪಿಕೊಂಡಿತು. ಉಳಿದವರದು ಕಾಫಿ. ಮಧ್ಯಾಹ್ನ ಕ್ಯಾಂಟೀನಿನ ಪಫ್ಸು. ರಾತ್ರಿ ಎರಡಕ್ಕೆ ಮಲಗುವುದು, ಬೆಳಿಗ್ಗೆ ಎಂಟೂವರೆಗೆ ಎದ್ದು ಬಸ್ಸಿಗೆ ಓಡುವುದು. ಸಸ್ಯದ ಬೇರಲ್ಲಿ ನೀರು ಹೇಗೆ ಏರುತ್ತದೆ ಅಂತ ಬರೆಯುವ ಮಕ್ಕಳು, ತಾವು ಇಡೀ ದಿನ ಒಂದು ಲೋಟ ನೀರು ಕುಡಿದಿರಲಿಲ್ಲ.

ವಿಟಮಿನ್ನು, ಪ್ರೋಟೀನು ಅವರಿಗೇ ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಡುತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಒಂದೇ, ವ್ರತ ಮಾಡುವುದು. ಬೇಜಾರಾದರೂ, ಮಳೆ ಬಂದರೂ, ನೆಂಟರು ಬಂದರೂ ಹಿಡಿದದ್ದನ್ನು ಬಿಡದೆ ನಡೆಸುವುದು. ಅದನ್ನೇ ಕಲಿಸಿದೆ. ಒಬ್ಬೊಬ್ಬರೂ ಒಂದೇ ಒಂದು ನಿಯಮ ಆರಿಸಿಕೊಳ್ಳಬೇಕು. ನಲವತ್ತೆಂಟು ದಿನ. ಅಂಗೈಯಲ್ಲಿ ಅಕ್ಷತೆಯ ಬದಲು ನೆನೆಸಿದ ಹೆಸರುಕಾಳು ಹಿಡಿದು ಎಲ್ಲರೆದುರು ಹೇಳಬೇಕು: ಇವತ್ತಿನಿಂದ ತಿಂಡಿ ತಿನ್ನದೆ ಹೊಸ್ತಿಲು ದಾಟುವುದಿಲ್ಲ. ಅಥವಾ, ಹತ್ತೂವರೆಗೆ ದೀಪ ಆರಿಸುತ್ತೇನೆ. ಅಥವಾ, ಎರಡು ಸ್ಟಾಪು ಮೊದಲೇ ಇಳಿದು ನಡೆಯುತ್ತೇನೆ. ಹೇಳಿ ಆದ ಮೇಲೆ ಕಾಳು ತಿನ್ನಬೇಕು. ನಲವತ್ತೆಂಟು ದಿನ ತಪ್ಪದೆ ನಡೆಸಿದವರಿಗೆ ಉದ್ಯಾಪನೆ, ಅಂದರೆ ನಾನು ಮನೆಯಿಂದ ಮಾಡಿ ತರುವ ಗಸಗಸೆ ಪಾಯಸ.

ಶಿವಾಜಿನಗರದ ಒಬ್ಬಳು ಹುಡುಗಿ, ಹಾಸ್ಟೆಲಿನವಳಲ್ಲ, ಗೆಳತಿಯ ಜೊತೆ ಬಂದು ಕೂರುತ್ತಿದ್ದಳು. ಅಪ್ಪನದು ಚಪ್ಪಲಿ ಅಂಗಡಿ. ಅವಳು ಕಾಳು ಹಿಡಿದುಕೊಂಡು, "ಆಂಟಿ, ಇದು ಉಲ್ಟಾ ರೋಜಾ, ನಮ್ಮ ರಂಜಾನ್ ಉಪವಾಸದ ಉಲ್ಟಾ. ನಮ್ಮಮ್ಮಂಗೆ ಹೇಳಿದ್ರೆ, ತಿನ್ನೋಕೂ ವ್ರತ ಬೇಕಾ ನಿಂಗೆ ಅಂತಾರೆ," ಅಂದಳು.

"ಹೇಳು ನಿಮ್ಮಮ್ಮಂಗೆ, ಬೇಕು ಅಂತ. ಮೂರು ಪಫ್ಸ್ ಮೇಲೆ ಎಂ.ಎ. ಮಾಡ್ತಿದ್ದೀಯಲ್ಲ."

"ಎರಡು ಆಂಟಿ. ಮೂರನೇದು ಅವಳದು."

ನಿಯಮ ನಿಂತಿತು. ಎಲ್ಲರದೂ ಅಲ್ಲ, ಆದರೆ ನಿಂತಿತು. ಎರಡನೇ ವರ್ಷ ವಾರ್ಡನ್ ಅಮ್ಮ ಮಾರುಕಟ್ಟೆಯಲ್ಲಿ ಸೊಪ್ಪಿನ ಕಟ್ಟುಗಳನ್ನು ಚೀಲಕ್ಕೆ ತುಂಬಿಸುತ್ತಾ, "ಬಕೆಟ್ ಖಾಲಿ ಮಾ," ಅಂದಾಗ ನನಗೆ ದೇವರೇ ಎದುರು ಬಂದು ಹೇಳಿದ ಹಾಗಾಯಿತು. ಅವತ್ತು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೂ ಸಿಕ್ಕಿತ್ತು. ಒಂದೇ ದಿನ ಎರಡು ಕೃಪೆ.

ನಾನು ಮೊದಲಲ್ಲಿ ಹೇಳಿದ ಆ ಒಬ್ಬಳು ಬಂದದ್ದು ಆ ಎರಡನೇ ವರ್ಷ. ಸಸ್ಯಶಾಸ್ತ್ರ ಓದುತ್ತಿದ್ದಳು. ಮನೆ ಕೆ.ಆರ್. ಪುರ. ಆಗ ಅಲ್ಲಿಂದ ಎರಡು ಬಸ್ಸು ಬದಲಿಸಿ ಬರಬೇಕು, ಲ್ಯಾಬು ಮುಗಿಯುವುದು ಕತ್ತಲಾಗುವ ಹೊತ್ತಿಗೆ. ಅದಕ್ಕೇ ಅಪ್ಪ ಹಾಸ್ಟೆಲಿಗೆ ಸೇರಿಸಿದ್ದರು. ದುಂಡು ಮುಖ, ನಕ್ಕರೆ ಕಣ್ಣು ಮುಚ್ಚಿಹೋಗುತ್ತಿತ್ತು. ನಾನು ತಂದ ಸೊಪ್ಪನ್ನೆಲ್ಲ ಮೇಜಿನ ಮೇಲೆ ಹರಡಿ ಒಂದೊಂದಕ್ಕೂ ಲ್ಯಾಟಿನ್ ಹೆಸರು ಹೇಳುತ್ತಿದ್ದಳು. ಹೊನಗೊನೆ ಸೊಪ್ಪಿನ ಹೆಸರು ನನ್ನ ನಾಲಿಗೆ ಮೇಲೆ ಎಷ್ಟು ಸಲ ಹೇಳಿದರೂ ನಿಲ್ಲಲಿಲ್ಲ. "ಆಂಟಿ, ನೀವು ಮಂತ್ರ ಹೇಳೋವ್ರು, ಇದೊಂದು ಬರಲ್ವಾ?" ಅನ್ನುತ್ತಿದ್ದಳು.

ಒಂದು ಭಾನುವಾರ ಅವಳನ್ನು ಹೊರಮಾವಿನ ನಮ್ಮ ತವರಿಗೆ ಕರೆದುಕೊಂಡು ಹೋದೆ. ಆಗಿನ್ನೂ ನಮ್ಮಣ್ಣನ ಒಂದೂವರೆ ಎಕರೆ ಉಳಿದಿತ್ತು. ಬದುವಿನ ಮೇಲೆ ನಾವಿಬ್ಬರೂ ಬೆರಕೆ ಸೊಪ್ಪು ಕಿತ್ತೆವು. ಸೀರೆಯ ಮಡಿಲಲ್ಲಿ ನಾನು, ದುಪಟ್ಟಾದಲ್ಲಿ ಅವಳು. ಹದಿನಾಲ್ಕು ಬಗೆ ಅಂತ ಅವಳು ಎಣಿಸಿದಳು. ಅತ್ತಿಗೆ ಅದನ್ನೇ ಮಸೆದು ಸಾರು ಮಾಡಿ ಮುದ್ದೆ ಕಟ್ಟಿದಳು. ಹುಡುಗಿ ಜಗಲಿ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಒಂದು ಮುದ್ದೆ ಮುಗಿಸಿ ಇನ್ನೊಂದಕ್ಕೆ ತಟ್ಟೆ ಚಾಚಿದಳು. ನಮ್ಮತ್ತಿಗೆ, "ಯಾರ ಮಗೂನವ್ವ ಇದು, ಇಷ್ಟು ಚೆನ್ನಾಗಿ ಉಣ್ಣುತ್ತೆ," ಅಂದಳು. ನನ್ನ ಬಾಯಿಂದ "ನಮ್ಮದೇ" ಅಂತ ಬಂದುಬಿಟ್ಟಿತು. ಹುಡುಗಿ ತಲೆ ಎತ್ತದೆ ಸಾರು ಕಲಸಿಕೊಳ್ಳುತ್ತಿದ್ದಳು. ಕೇಳಿಸಿತೋ ಇಲ್ಲವೋ.

ಬೇಸಿಗೆ ರಜೆ ಮುಗಿಸಿ ಬಂದಾಗ ಸ್ವಲ್ಪ ಸೊರಗಿದ್ದಳು. ಶನಿವಾರ ತರಗತಿ ಮುಗಿದ ಮೇಲೆ ಹತ್ತಿರ ಬಂದು, "ಆಂಟಿ, ನೀವು ಸೋಮವಾರ ಉಪವಾಸ ಮಾಡ್ತೀರಲ್ಲ, ನಂಗೂ ಹೇಳ್ಕೊಡಿ," ಅಂದಳು.

ನನ್ನ ಸೋಮವಾರದ ವಿಷಯ ಎಲ್ಲ ಹುಡುಗಿಯರಿಗೂ ಗೊತ್ತಿತ್ತು. ನಾನೇ ಹೇಳಿದ್ದೆ, ಸ್ವಲ್ಪ ಹೆಮ್ಮೆಯಿಂದಲೇ. ಮದುವೆಯಾದ ಮೂರನೇ ವರ್ಷ ನಮ್ಮ ಮನೆಯವರ ಬಲಗೈ ಮೆಷಿನ್ನಿಗೆ ಸಿಕ್ಕಿತ್ತು. ಕೈ ಉಳಿದರೆ ಜೀವ ಇರುವ ತನಕ ಸೋಮವಾರ ಸೂರ್ಯ ಮುಳುಗುವವರೆಗೂ ಬಾಯಿಗೆ ಏನೂ ಹಾಕುವುದಿಲ್ಲ ಅಂತ ಈಶ್ವರನಿಗೆ ಹೇಳಿಕೊಂಡಿದ್ದೆ. ಕೈ ಉಳಿಯಿತು. ಹದಿನೇಳು ವರ್ಷದಲ್ಲಿ ಒಂದು ಸೋಮವಾರವೂ ತಪ್ಪಿರಲಿಲ್ಲ. ನಿಯಮ ಅಂದರೆ ಹೀಗೆ ಅಂತ ಉದಾಹರಣೆಗೆ ಹೇಳುತ್ತಿದ್ದೆ. ತಿಂಡಿ ತಿನ್ನಿ ಅಂತ ಹೇಳಲು, ನಾನು ತಿನ್ನದೆ ಇರುವುದನ್ನು ಉದಾಹರಣೆ ಕೊಡುತ್ತಿದ್ದೆ. ಅದರಲ್ಲಿ ಏನಾದರೂ ಎಡವಟ್ಟಿದೆ ಅಂತ ಆಗ ಅನ್ನಿಸಲೇ ಇಲ್ಲ.

ಹುಡುಗಿಗೆ ಭಕ್ತಿ ಬಂದಿದೆ ಅಂತ ನನಗೆ ಖುಷಿ. ಹೇಳಿಕೊಟ್ಟೆ. ಸೋಮವಾರ ಸಂಜೆ ಹಲಸೂರಿನ ಸೋಮೇಶ್ವರನ ಗುಡಿಗೆ ಇಬ್ಬರೂ ಹೋಗುವುದು ರೂಢಿಯಾಯಿತು. ಅವಳು ಬೆನ್ಸನ್ ಟೌನಿನಿಂದ, ನಾನು ಮನೆಯಿಂದ. ಹನ್ನೊಂದು ಸುತ್ತು ಪ್ರದಕ್ಷಿಣೆ. ಆಮೇಲೆ ನಮ್ಮ ಮನೆಗೆ ಬಂದು ಸ್ವಲ್ಪ ಹೊತ್ತು ಕೂತು ಹೋಗುವಳು. ತಿಂಗಳು ಕಳೆಯುವ ಹೊತ್ತಿಗೆ ಗುರುವಾರವೂ ಹಿಡಿದೆ ಅಂದಳು. ಆಮೇಲೆ ಶನಿವಾರ. ಆಮೇಲೆ ಏಕಾದಶಿ. ಕೆನ್ನೆ ಇಳಿಯಿತು, ಬಳೆ ಮೊಣಕೈವರೆಗೂ ಜಾರುತ್ತಿತ್ತು. ನನಗೆ ಅವಳ ಮುಖದಲ್ಲಿ ತೇಜಸ್ಸು ಕಾಣುತ್ತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾಗೇ ಕಾಣುತ್ತಿತ್ತು.

ವಾರ್ಡನ್ ಅಮ್ಮ ಮಾರುಕಟ್ಟೆಯಲ್ಲಿ ಹಿಡಿದು ನಿಲ್ಲಿಸಿದರು. "ಆ ಬಾಟನಿ ಪಾಪ ಸರಿಯಾಗಿ ತಿಂತಿಲ್ಲ ಮಾ. ನೋಡಿದ್ರಾ ನೀವು?"

"ವ್ರತ ಹಿಡಿದಿದ್ದಾಳೆ, ಬಿಡಿ. ಈಗಿನ ಕಾಲದಲ್ಲಿ ಇಂಥ ಹುಡ್ಗೀರು ಎಲ್ಲಿ ಸಿಗ್ತಾರೆ?"

"ನಮ್ಮಲ್ಲೂ ಲೆಂಟ್ ಉಪವಾಸ ಇದೆ. ನಲವತ್ತು ದಿನಕ್ಕೆ ಮುಗಿಯುತ್ತೆ. ಇದು ಯಾವಾಗ ಮುಗಿಯುತ್ತೆ?"

ನನಗೆ ಸ್ವಲ್ಪ ಕೋಪವೇ ಬಂತು. ನಮ್ಮ ವ್ರತದ ವಿಷಯ ಇವರಿಗೇನು ಗೊತ್ತು ಅಂದುಕೊಂಡೆ. ಅಂದದ್ದು ಮಾತ್ರ, "ಅವಳು ನಮ್ಮನೇಲಿ ಊಟ ಮಾಡ್ತಾಳೆ, ನೀವು ಯೋಚನೆ ಮಾಡ್ಬೇಡಿ." ಅದು ಸುಳ್ಳು. ಸೋಮವಾರ ಸಂಜೆ ನಮ್ಮ ಮನೆಗೆ ಬಂದಾಗ ನಾನು ತಟ್ಟೆ ಇಟ್ಟರೆ, "ಹಾಸ್ಟೆಲಲ್ಲಿ ನಂಗೆ ಊಟ ಎತ್ತಿಟ್ಟಿರ್ತಾರೆ ಆಂಟಿ," ಅನ್ನುತ್ತಿದ್ದಳು. ನಾನು ಬಲವಂತ ಮಾಡುತ್ತಿರಲಿಲ್ಲ. ನನ್ನ ಹಸಿವು ನನಗೆ, ಗಬಗಬ ಉಣ್ಣುತ್ತಿದ್ದೆ. ಅವಳು ಎದುರು ಕೂತು ನಾನು ಉಣ್ಣುವುದನ್ನು ನೋಡುತ್ತಿದ್ದಳು.

ಕಾರ್ತಿಕ ಮಾಸದ ಒಂದು ಸೋಮವಾರ. ಗುಡಿಯಲ್ಲಿ ಜನ ಜಾಸ್ತಿ, ದೀಪ ಹಚ್ಚುವವರ ಸಾಲು. ಮೂರನೇ ಸುತ್ತಿನಲ್ಲಿ ಅವಳು ನನ್ನ ಹಿಂದೆ ಇರಲಿಲ್ಲ. ತಿರುಗಿ ನೋಡಿದರೆ ಕಲ್ಲಿನ ಕಂಬಕ್ಕೆ ಒರಗಿ ಕುಸಿದಿದ್ದಳು. ಯಾರೋ ನೀರು ಚಿಮುಕಿಸಿದರು. ಯಾರೋ ಆಟೋ ಹಿಡಿದರು. ಅವಳನ್ನು ಎತ್ತಿ ಆಟೋದಲ್ಲಿ ಕೂರಿಸಿದ್ದು ನಾನೇ. ನಾನೊಬ್ಬಳೇ ಎತ್ತಲು ಆಗುವಷ್ಟೇ ಭಾರ ಇದ್ದಳು.

ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಡಾಕ್ಟರಮ್ಮ ಕೇಳಿದರು, "ಇವತ್ತು ಏನು ತಿಂದಿದ್ರು?"

"ಸೋಮವಾರ. ಉಪವಾಸ."

"ನಿನ್ನೆ?"

ಅಷ್ಟು ಹೊತ್ತಿಗೆ ನಾನು ಫೋನ್ ಮಾಡಿಸಿದ್ದಕ್ಕೆ ವಾರ್ಡನ್ ಅಮ್ಮ ಏದುಸಿರು ಬಿಡುತ್ತಾ ಬಂದಿದ್ದರು. ಅವರು ನನ್ನ ಮುಖ ನೋಡಿದರು, ನಾನು ಅವರದು.

"ನಿನ್ನೆ ನಿಮ್ಮನೆಗೆ ಊಟಕ್ಕೆ ಬಂದಿದ್ಲಲ್ಲ ಮಾ. ಹಾಗಂತ ಹೇಳಿ ಹೋದ್ಲು."

"ನಿನ್ನೆ ನಮ್ಮನೆಗೆ ಬಂದಿಲ್ಲ."

"ಶುಕ್ರವಾರ? ಬುಧವಾರ?"

ಬುಧವಾರವೂ ಬಂದಿರಲಿಲ್ಲ. ನಾವಿಬ್ಬರೂ ಅವಳ ತಟ್ಟೆ ಇನ್ನೊಬ್ಬರ ಮನೆಯಲ್ಲಿ ಇದೆ ಅಂತ ನಂಬಿಕೊಂಡು ಕೂತಿದ್ದೆವು. ಮೂರು ತಿಂಗಳಿಂದ ಆ ತಟ್ಟೆ ಎಲ್ಲೂ ಇರಲಿಲ್ಲ.

ಕೆ.ಆರ್. ಪುರದಿಂದ ಅಪ್ಪ, ಅಮ್ಮ ಬಂದರು. ಅಪ್ಪ ಕಾರಿಡಾರಿನ ಬೆಂಚಿನ ಮೇಲೆ ಕೂತವರು ಏಳಲಿಲ್ಲ. ಅಮ್ಮ ಮಗಳ ಕೈ ಹಿಡಿದು, ಬಳೆ ಹಿಂದಕ್ಕೂ ಮುಂದಕ್ಕೂ ಸರಿಸುತ್ತಾ, "ಇದು ನಾನು ಹೋದ ವರ್ಷ ಗೌರಿ ಹಬ್ಬಕ್ಕೆ ತೊಡಿಸಿದ್ದು. ಆಗ ಸೋಪು ಹಚ್ಚಿ ತೊಡಿಸಿದ್ದೆ," ಅಂದರು. ಯಾರಿಗೆ ಹೇಳಿದರೋ. ನನ್ನನ್ನು ನೋಡಿ ಹೇಳಲಿಲ್ಲ.

ನಾಲ್ಕು ದಿನ ಡ್ರಿಪ್ಪು. ಬಾಯಿಗೆ ಏನು ಕೊಟ್ಟರೂ ತುಟಿ ಬಿಗಿ ಹಿಡಿಯುತ್ತಿದ್ದಳು. ಗಂಜಿ ಕೊಟ್ಟರೆ ನರ್ಸಿನ ಕಣ್ಣು ತಪ್ಪಿಸಿ ಟವೆಲಿಗೆ ಉಗಿಯುತ್ತಿದ್ದಳು. ಡಾಕ್ಟರಮ್ಮ ಅಮ್ಮನನ್ನು ಕರೆದು, ಸೂಜಿಯಲ್ಲಿ ಹೋಗುವುದು ಸಾಲದು, ಸೋಮವಾರದೊಳಗೆ ತಾನಾಗಿ ತಿನ್ನದಿದ್ದರೆ ದೊಡ್ಡಾಸ್ಪತ್ರೆಗೆ ಸಾಗಿಸಬೇಕು, ಜೀವದ ವಿಷಯ, ಅಂದರು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

ಶನಿವಾರ ಅವಳ ಹತ್ತಿರ ಸ್ವಲ್ಪ ಹೊತ್ತು ಒಬ್ಬಳೇ ಕೂರಲು ಸಿಕ್ಕಿತು. ಕೇಳಿದೆ, "ಸೋಮವಾರ ಈಶ್ವರನದು. ಗುರುವಾರ ಯಾರಿಗೆ ಮಾಡ್ತಿದ್ದೆ ಪುಟ್ಟಾ?"

ಹೊದಿಕೆ ಗಲ್ಲದವರೆಗೆ ಎಳೆದುಕೊಂಡಳು. "ಎಲ್ರಿಗೂ," ಅಂದಳು.

ಯಾವ ದೇವರಿಗೂ ಅಲ್ಲ ಅಂತ ನನಗೆ ಆಗ ತಿಳಿಯಿತು. ಬೇಸಿಗೆಯಲ್ಲಿ ಅವಳನ್ನು ನೋಡಲು ಒಂದು ಗಂಡಿನ ಕಡೆಯವರು ಬಂದಿದ್ದರಂತೆ. ಉಪ್ಪಿಟ್ಟು ತಿಂದು, ಹುಡುಗಿ ಸ್ವಲ್ಪ ದಪ್ಪ ಆಯಿತು ಅಂದು ಹೋಗಿದ್ದರಂತೆ. "ಅದು ಶುರು ಅಷ್ಟೇ ಆಂಟಿ," ಅಂದಳು, ಚಾವಣಿ ನೋಡುತ್ತಾ. "ಆಮೇಲೆ ಅವ್ರು ಮರ್ತೇ ಹೋದ್ರು. ತಿನ್ನದೆ ಇದ್ರೆ ಚೆನ್ನಾಗಿರುತ್ತೆ. ಮಧ್ಯಾಹ್ನದ ಹೊತ್ತಿಗೆ ಒಂಥರಾ ಹಗುರ ಆಗುತ್ತಲ್ಲ, ನಾವೇ ಎಲ್ರಿಗಿಂತ ಮೇಲೆ ಇದ್ದೀವಿ ಅನ್ನೋ ಹಾಗೆ. ನಿಮಗೂ ಆಗುತ್ತಲ್ವಾ?"

ಇಲ್ಲ ಅಂತ ಹೇಳಬೇಕಿತ್ತು. ಸೋಮವಾರ ಎರಡು ಗಂಟೆಯ ಹೊತ್ತಿಗೆ, ಬೀದಿಯವರೆಲ್ಲ ಉಂಡು ತೂಕಡಿಸುವಾಗ, ನಾನು ಖಾಲಿ ಹೊಟ್ಟೆಯಲ್ಲಿ ವರಾಂಡದಲ್ಲಿ ಕೂತು ಬತ್ತಿ ಹೊಸೆಯುತ್ತಾ ಅದೇ ಹಗುರವನ್ನು ಎಷ್ಟು ಸಲ ಅನುಭವಿಸಿದ್ದೇನೆ. ಅದನ್ನು ಈಶ್ವರನ ಕೃಪೆ ಅಂತ ಲೆಕ್ಕಕ್ಕೆ ಹಿಡಿದಿದ್ದೆ. ಅದರಲ್ಲಿ ಎಷ್ಟು ಪಾಲು ಅವನದು, ಎಷ್ಟು ನನ್ನ ಜಂಬದ್ದು ಅಂತ ಅವತ್ತಿನವರೆಗೂ ಕೇಳಿಕೊಂಡಿರಲಿಲ್ಲ.

ಸೋಮವಾರ ಬೆಳಿಗ್ಗೆ ಎದ್ದು ಇಡ್ಲಿ ಮಾಡಿದೆ. ದೀಪ ಹಚ್ಚಿದೆ. ಏನು ಮಾಡಲು ಹೊರಟಿದ್ದೇನೆ ಅಂತ ಅವನಿಗೆ ಹೇಳಲಿಲ್ಲ. ಗೊತ್ತೇ ಇರುತ್ತದೆ. ಸ್ಟೀಲ್ ಕ್ಯಾರಿಯರ್, ಎರಡು ತಟ್ಟೆ ಚೀಲದಲ್ಲಿಟ್ಟುಕೊಂಡು ಹಲಸೂರಿಗೆ ಹೋದೆ. ಅವಳ ಅಮ್ಮ ಔಷಧಿ ತರಲು ಕೆಳಗೆ ಹೋಗಿದ್ದರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಎರಡೂ ತಟ್ಟೆ ಇಟ್ಟೆ. ಎರಡೆರಡು ಇಡ್ಲಿ, ಚಟ್ನಿ.

"ಎರಡು ಯಾಕೆ?" ಅಂದಳು.

"ಒಂದು ನಿಂದು, ಒಂದು ನಂದು."

"ಇವತ್ತು ಸೋಮವಾರ ಆಂಟಿ."

"ಗೊತ್ತು."

ಇಡ್ಲಿ ಮುರಿದೆ. ಬಾಯಿಗಿಟ್ಟುಕೊಂಡೆ. ಗಂಟಲಲ್ಲಿ ನಿಂತಿತು. ಹದಿನೇಳು ವರ್ಷದ ಸೋಮವಾರಗಳೆಲ್ಲ ಅಲ್ಲೇ ಅಡ್ಡ ನಿಂತ ಹಾಗೆ. ನೀರು ಕುಡಿದು ನುಂಗಿದೆ. ಇನ್ನೊಂದು ಚೂರು. ಅವಳು ದಿಂಬಿನಿಂದ ತಲೆ ಎತ್ತಿ ನನ್ನ ಬಾಯನ್ನೇ ನೋಡುತ್ತಿದ್ದಳು, ನಾನು ಸತ್ತುಹೋಗುತ್ತೇನೆ ಅನ್ನುವ ಹಾಗೆ.

"ಅಂಕಲ್ ಕೈ?"

"ಅದನ್ನ ನಾನೂ ಈಶ್ವರನೂ ಮಾತಾಡ್ಕೋತೀವಿ. ನೀನು ಚಟ್ನಿ ಹಚ್ಕೋ, ಆರಿಹೋಗುತ್ತೆ."

"ನಂಗೆ ಭಯ ಆಗುತ್ತೆ ಆಂಟಿ."

"ನಂಗೂ ಆಗ್ತಿದೆ. ನೋಡು, ತಿಂತಿದ್ದೀನಿ."

ಬಹಳ ಹೊತ್ತಾದ ಮೇಲೆ ಅವಳ ಕೈ ತಟ್ಟೆಗೆ ಬಂತು. ಉಗುರಿನಷ್ಟು ಮುರಿದಳು. ಅದನ್ನು ಎಷ್ಟು ಹೊತ್ತು ಅಗಿದಳೆಂದರೆ ನನ್ನ ತಟ್ಟೆ ಖಾಲಿಯಾಗಿತ್ತು. ನುಂಗಿದಳು. ಟವೆಲಿನ ಕಡೆ ಕೈ ಹೋಗಿ ವಾಪಸ್ಸು ಬಂತು. ಒಂದು ಗಂಟೆಯಲ್ಲಿ ಒಂದು ಇಡ್ಲಿ, ಮೇಲೆ ಅರ್ಧ. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ನಾನು ಸಮಾಧಾನ ಮಾಡಲಿಲ್ಲ, ಮಾತಾಡಿದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಅಂತ. ತಲೆ ಎತ್ತಿದರೆ ಬಾಗಿಲಲ್ಲಿ ಅವಳ ಅಮ್ಮ, ಔಷಧಿ ಪೊಟ್ಟಣ ಹಿಡಿದು, ಚಪ್ಪಲಿ ಬಿಡದೆ ನಿಂತಿದ್ದರು.

ತಟ್ಟೆ ತೊಳೆಯಲು ಹೋದಾಗ ಹಿಂದೆಯೇ ಬಂದರು. ನಲ್ಲಿಯ ಹತ್ತಿರ ನಿಂತು, ದನಿ ಏರಿಸದೆ, "ನೀವೇ ಕಲಿಸಿದ್ರಿ, ನೀವೇ ಬಿಡಿಸಿದ್ರಿ. ಅಲ್ಲಿಗೆ ಸರಿಹೋಯ್ತು. ಇನ್ನು ಬರ್ಬೇಡಿ," ಅಂದರು. ಹೂಂ ಅಂದೆ. ನನ್ನ ಮಗಳಾಗಿದ್ದರೆ ನಾನು ಇಷ್ಟು ಮೆತ್ತಗೆ ಹೇಳುತ್ತಿರಲಿಲ್ಲ.

ಸಂಜೆ ಮನೆಯವರು ಬಂದ ಕೂಡಲೇ ಹೇಳಿಬಿಟ್ಟೆ, ಇವತ್ತು ತಿಂದೆ ಅಂತ. ಅವರು ತಮ್ಮ ಬಲಗೈ ತಿರುಗಿಸಿ ನೋಡಿಕೊಂಡರು. "ಇದು ಸೋಮವಾರದ ಮೇಲೆ ನಿಂತಿತ್ತಾ? ಡಾಕ್ಟ್ರು ಹೊಲಿದಿದ್ದು ಶುಕ್ರವಾರ ಕಣೇ." ನನಗೆ ನಗು, ಅಳು ಎರಡೂ ಬಂತು. ಅವರು ಅದೇ ಕೈಯಲ್ಲಿ ಕಾಫಿ ಬೆರೆಸಿ ತಂದುಕೊಟ್ಟರು.

ಆ ಶನಿವಾರ ಹಾಸ್ಟೆಲಿಗೆ ಹೋಗಿ ಎಲ್ಲವನ್ನೂ ಹುಡುಗಿಯರಿಗೆ ಹೇಳಿದೆ. ನನ್ನಿಂದ ತಪ್ಪಾಗಿದೆ, ಇನ್ನು ನಾನು ಬರುವುದಿಲ್ಲ ಅಂದೆ. ಶಿವಾಜಿನಗರದ ಹುಡುಗಿ, "ಆಂಟಿ, ನಮ್ಮಲ್ಲಿ ಹುಷಾರಿಲ್ಲದವ್ರು ರೋಜಾ ಇರೋದು ಬೇಡ ಅಂತಾನೇ ಇದೆ. ನಮ್ಮನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ವಿ. ನೀವು ಬರೀ ಹೇಳ್ತೀರಿ, ಕೇಳಲ್ಲ," ಅಂದಳು. ಅದೂ ನಿಜ. ವಾರ್ಡನ್ ಅಮ್ಮ, "ಮುಂದಿನ ಶನಿವಾರ ಮೂರು ಗಂಟೆಗೆ ಬನ್ನಿ. ಈಗ್ಲೇ ನೀವು ಕಲಿಸೋಕೆ ಲಾಯಕ್ಕು," ಅಂದು ರಿಜಿಸ್ಟರಿಗೆ ಸಹಿ ಹಾಕಿಸಿಕೊಂಡರು.

ಹೋದೆ. ಪಾಠ ಬದಲಾಯಿತು. ಉಪದೇಶ ಕಮ್ಮಿಯಾಯಿತು. ನಾನು ಮೊದಲು ಅವರ ಜೊತೆ ಕೂತು ಅವರಂಥದೇ ತಟ್ಟೆಯಲ್ಲಿ ಅದನ್ನೇ ತಿನ್ನುತ್ತಿದ್ದೆ, ಆಮೇಲೆ ಮಾತು. ಯಾರು ಅನ್ನವನ್ನು ತಟ್ಟೆಯ ಸುತ್ತ ಸರಿಸುತ್ತಾ ತಿಂದ ಹಾಗೆ ಮಾಡುತ್ತಾರೆ ಅಂತ ನನಗೆ ಕಾಣತೊಡಗಿತು. ಮುಂದಿನ ವರ್ಷಗಳಲ್ಲಿ ಹಾಗೆ ಇಬ್ಬರು ಸಿಕ್ಕರು. ಇಬ್ಬರೂ ಬೀಳುವ ಮೊದಲೇ ಸಿಕ್ಕರು. ಅದು ಈಶ್ವರನ ದಯೆ. ಆದರೆ ಅವರ ಪಕ್ಕ ಕೂತಾಗಲೂ ನನ್ನ ಕಣ್ಣು ಇವಳು ಕೂರುತ್ತಿದ್ದ ಜಾಗಕ್ಕೆ ಹೋಗುತ್ತಿತ್ತು. ಸೊಪ್ಪು ತೆಗೆದುಕೊಂಡು ಹೋದರೆ ಲ್ಯಾಟಿನ್ ಹೆಸರು ಹೇಳುವವರು ಯಾರೂ ಇರಲಿಲ್ಲ. ಅವಳು ಆ ವರ್ಷ ಓದು ಬಿಟ್ಟು ಮನೆಗೆ ಹೋಗಿದ್ದಳು ಅಂತ ಮಾತ್ರ ಗೊತ್ತು. ತಿನ್ನುತ್ತಿದ್ದಾಳೋ ಇಲ್ಲವೋ, ಅದು ಗೊತ್ತಿಲ್ಲ. ಬೆಳಿಗ್ಗೆ ಒಲೆ ಹಚ್ಚಿದ ಕೂಡಲೇ ಮನಸ್ಸಿಗೆ ಬರುತ್ತಿದ್ದದ್ದು ಅದೇ ಪ್ರಶ್ನೆ.

ಒಂದೂವರೆ ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಫೋನ್ ಬಂತು. ಅವಳ ಅಮ್ಮ. ವಾರ್ಡನ್ ಅಮ್ಮನಿಂದ ನಂಬರು ಇಸಿದುಕೊಂಡೆ ಅಂದರು. ಹಿಂದೆ ಕುಕ್ಕರ್ ಕೂಗುವುದು ಕೇಳುತ್ತಿತ್ತು.

"ಈಗ ಮೂರು ಹೊತ್ತೂ ಊಟ ಮಾಡ್ತಾಳೆ. ನಿಮಗೆ ಹೇಳ್ಬೇಕು ಅನ್ನಿಸ್ತು."

ನಾನು ಕೇಳಿದೆ, "ಒಂದು ಸಲ ಮಾತಾಡ್ಬೋದಾ ಅವಳ ಹತ್ರ?"

"ಬೇಡಮ್ಮ. ಅವಳೇ ಬೇಡ ಅಂದ್ಲು. ನಿಮ್ಮ ಮೇಲೆ ಕೋಪ ಇಲ್ಲ. ನಿಮ್ಮ ದನಿ ಕೇಳಿದ್ರೆ ಮತ್ತೆ ಅದು ನೆನಪಾಗುತ್ತೆ ಅಂತೆ, ಆ ಹಗುರ. ಅವಳಿಗೆ ಅದು ಬೇಡ." ತಡೆದು, "ನೀವು ತಪ್ಪು ತಿಳ್ಕೋಬಾರ್ದು," ಅಂದರು.

"ಇಲ್ಲ. ಅವಳು ಹೇಳಿದ್ದು ಸರಿ."

"ಇವತ್ತು ಬಸ್ಸಾರು ಮಾಡಿದ್ದೆ. ಎರಡು ಸಲ ಹಾಕಿಸ್ಕೊಂಡ್ಲು," ಅಂತ ಹೇಳಿ ಫೋನ್ ಇಟ್ಟರು.

ನಾನು ದೇವರ ಮನೆಗೆ ಹೋಗಿ ಕೂತೆ. ನನ್ನ ಬದುಕಲ್ಲಿ ಅಷ್ಟು ದೊಡ್ಡ ಕೃಪೆ ಇನ್ನೊಂದು ಬಂದಿಲ್ಲ. ಅಷ್ಟು ಅತ್ತದ್ದೂ ಇನ್ನೊಂದು ದಿನ ಇಲ್ಲ.

ಆಮೇಲೆ ಏನೇನೋ ಆಯಿತು. ವಾರ್ಡನ್ ಅಮ್ಮ ನಿವೃತ್ತಿಯಾಗಿ ತಂಗಿಯ ಮನೆಗೆ ಹೋದರು. ಹಾಸ್ಟೆಲಿನ ಹಳೇ ಬಂಗಲೆ ಕೈ ಬದಲಾಯಿಸಿತು, ನನ್ನ ಶನಿವಾರಗಳು ಖಾಲಿಯಾದವು. ಹೊರಮಾವಿನ ಒಂದೂವರೆ ಎಕರೆಯ ಮೇಲೆ ಐದು ಮಹಡಿ ಎದ್ದಿತು. ನಮ್ಮಣ್ಣ ಅದರಲ್ಲೇ ಎರಡನೇ ಮಹಡಿಯಲ್ಲಿದ್ದಾನೆ. ನಾನು ಸೋಮವಾರ ಬೆಳಿಗ್ಗೆ ಪೂಜೆಗೆ ಮೊದಲು ಎರಡು ಇಡ್ಲಿ ತಿನ್ನುತ್ತೇನೆ. ಮನೆಯವರ ಕೈ ಚೆನ್ನಾಗಿದೆ.

ಎರಡು ಸಾವಿರದ ಆರೋ ಏಳೋ ಇರಬೇಕು, ಹೊಸಕೋಟೆಯಲ್ಲಿ ಒಂದು ಗೃಹಪ್ರವೇಶಕ್ಕೆ ಒಬ್ಬಳೇ ಬಸ್ಸಿನಲ್ಲಿ ಹೊರಟಿದ್ದೆ. ಕೆ.ಆರ್. ಪುರದಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಮನೆ ಮಾರುಕಟ್ಟೆಯ ಹಿಂದಿನ ಬೀದಿ, ಹಸಿರು ಗೇಟು ಅಂತ ಆ ಹುಡುಗಿ ಯಾವಾಗಲೋ ಹೇಳಿದ್ದಳು. ಕಿಟಕಿಯಿಂದ ಆ ಬೀದಿಯ ಬಾಯಿ ಕಾಣುತ್ತಿತ್ತು. ಹತ್ತು ಹೆಜ್ಜೆ ಹಾಕಿದರೆ ಗೇಟೂ ಕಾಣಬಹುದಿತ್ತು. ಕಂಡರೆ ಸಾಕು, ಒಳಗೆ ಹೋಗುವುದು ಬೇಡ, ಅಂದುಕೊಳ್ಳುತ್ತಲೇ ಚೀಲ ಹಿಡಿದು ಅರ್ಧ ಎದ್ದಿದ್ದೆ.

ಕಂಡಕ್ಟರು ನೋಡಿ, "ಅಮ್ಮಾ, ಹೊಸಕೋಟೆ ಟಿಕೆಟ್ ತಗೊಂಡಿದ್ದೀರಿ. ಇಲ್ಲೇ ಇಳೀತೀರಾ?" ಅಂದ.

ಗಡಿಯಾರ ನೋಡಿಕೊಂಡೆ. ಒಂದೂವರೆ. ಅವಳು ಊಟಕ್ಕೆ ಕೂತಿರುವ ಹೊತ್ತು.

"ಇಲ್ಲಪ್ಪ," ಅಂದು ಕೂತುಕೊಂಡೆ. "ಹೋಗ್ಲಿ ಬಸ್ಸು."